ಕೊಕ್ಕೆ

ಕುರ್ಚಿಗಳು ಬಂದದ್ದು ದಂಡಿನಿಂದ, ಎತ್ತಿನ ಗಾಡಿಯಲ್ಲಿ.
ದೊರೆಗಳು ಹಡಗು ಹತ್ತುವ ಮುಂಚೆ ಹರಾಜಿಗಿಟ್ಟವು:
ಬೆತ್ತದ ಬೆನ್ನು, ತೇಗದ ಕಾಲು,
ಒಂದರ ತೋಳಿನ ಮೇಲೆ ಚುರುಟಿನ ಸುಟ್ಟ ಗಾಯ.
ಅರುಳಪ್ಪ ಮೇಸ್ತ್ರಿ ಅಠಾರಾ ಕಚೇರಿಯ ಜಗಲಿಯಲ್ಲಿ
ಮೂರು ದಿನ ಕೂತು ಅಲ್ಲಾಡುವ ಕಾಲಿಗೆಲ್ಲ ಬೆಣೆ ಹೊಡೆದ.
ಎಷ್ಟು ದಿನ ತಾಳಬೇಕು ಸಾರ್, ಅಂತ ಕೇಳಿದ.
ತಾತ್ಕಾಲಿಕ ಸಭೆಯಪ್ಪ, ಹೊಸದು ಬರೋವರೆಗೆ.
ಬೆಣೆಗೆ ಅದೆಲ್ಲ ತಿಳಿಯಲ್ಲ ಸಾರ್, ಅಂದ,
ಇನ್ನೊಂದು ಏಟು ಹಾಕಿದ.

ನನ್ನ ಕೆಲಸ ಬರೆದುಕೊಳ್ಳುವುದು.
ಶೀಘ್ರಲಿಪಿ:
ನೆಲದ ಮೇಲೆ ಉದುರಿದ ಕೂದಲಿನಂಥ ಗೆರೆಗಳು,
ದಪ್ಪಕ್ಕೊಂದು ಅರ್ಥ, ತೆಳುವಿಗೊಂದು.
ಹನ್ನೊಂದು ವರ್ಷ ಪಳಗಿದ ಕೈ.
‘ಮಹಾಸ್ವಾಮಿಯವರ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’,
ಅಷ್ಟುದ್ದದ ಮಾತಿಗೆ ಒಂದೇ ಕೊಕ್ಕೆ ಸಾಕಿತ್ತು,
ಬೆನ್ನು ಬಾಗಿದ ಕೊಕ್ಕೆ.

ಈಗಿನವರು ಅರಿಕೆ ಮಾಡಿಕೊಳ್ಳುವುದಿಲ್ಲ.
ಕೇಳುತ್ತಾರೆ, ಕೂಗುತ್ತಾರೆ,
ಒಬ್ಬರು ಕೂರುವ ಮೊದಲೇ ಇಬ್ಬರು ಏಳುತ್ತಾರೆ.
ಆದರೂ ಒಂದೊಂದು ಹಾಳೆಯ ತಲೆಯಲ್ಲಿ
ನನ್ನನ್ನು ಕೇಳದೆ
ಕೈ ಆ ಕೊಕ್ಕೆಯನ್ನು ಹಾಕಿಬಿಟ್ಟಿರುತ್ತದೆ.

ಮೊದಲ ದಿನ ಅಧ್ಯಕ್ಷರು ಒಳಗೆ ಬಂದಾಗ
ದಫೇದಾರ ಹುಚ್ಚೀರಯ್ಯ ಎದೆಯುಬ್ಬಿಸಿ ‘ಪರಾ’ ಎಂದವನು
ಉಳಿದ ‘ಕು’ವನ್ನು ನುಂಗಿಕೊಂಡ.
ಗಂಟಲು ಇಳಿದು ಹತ್ತಿದ್ದು ನನಗೆ ಕಂಡಿತು.
ವರದಿಯಲ್ಲಿ ಆ ಅರ್ಧವನ್ನು ಎಲ್ಲಿಡಲಿ?

ಬಲಕ್ಕೆ, ಹೋದ ಚಳಿಗಾಲ ಜೈಲಿನಲ್ಲಿ ಕಳೆದವರು.
ಎಡಕ್ಕೆ, ಅವರನ್ನು ಕಳಿಸಿದ ಕಾಗದಕ್ಕೆ ರುಜು ಹಾಕಿದವರು.
ಕಾಫಿ ಬಂದಾಗ ಎರಡು ಕಡೆಯೂ ಸಕ್ಕರೆ ಸಾಲದು ಎಂದವು.
ನಡುವೆ ನನ್ನ ಮೇಜು, ಏಳು ಪೆನ್ಸಿಲು, ಒಂದು ರಬ್ಬರು.
ಆ ಕಾಗದ ಟೈಪು ಮಾಡಿದವನು ನಾನು.
ಯಾರೂ ಕೇಳಲಿಲ್ಲ.
ನಾನೂ ಕುಡಿದೆ, ಸಕ್ಕರೆ ಸಾಲದೆಂದೆ.

ನಾಲ್ಕನೆಯ ದಿನ ದೊಡ್ಡಬಳ್ಳಾಪುರದ ಚೌಡಪ್ಪ ಎದ್ದ.
ನೇಕಾರ, ಹೆಬ್ಬೆರಳಿಗೆ ಇನ್ನೂ ನೀಲಿ ಬಣ್ಣ.
‘ಸ್ವಾಮಿ ಅಧ್ಯಕ್ಷರೇ,
ನಿನ್ನೆವರೆಗೂ ನಾವು ಅರಸರ ಪ್ರಜೆಗಳು.
ಈ ಹೊಸ ಕರಡಿನಲ್ಲೂ ಪ್ರಜೆಗಳು ಅಂತಲೇ ಇದೆ.
ಯಾರ ಪ್ರಜೆ?
ಒಂದು ಮಾತು ಸೇರಿಸಿಕೊಡಿ.’
ಸಭೆ ನಕ್ಕಿತು. ಆಮೇಲೆ ನಗಲಿಲ್ಲ.
ಪಂಡಿತರೊಬ್ಬರು ಎದ್ದು, ಪ್ರಜೆಯೆಂದರೆ ಮೂಲದಲ್ಲಿ ಸಂತಾನ,
ಮಕ್ಕಳು ಎಂದು ಶುರುಮಾಡಿದರು.
‘ಹಾಸು ಅದೇ ಇರಲಿ ಬುದ್ಧಿ,
ಹೊಕ್ಕು ಬೇರೆಯಾದರೆ ಸೀರೆ ಬೇರೆ.
ಬೇರೆಯಾದ ಎಳೆ ಯಾವುದು, ಅದನ್ನು ತೋರಿಸಿ.’
ಗಡಿಯಾರ ನೋಡಿದ ಅಧ್ಯಕ್ಷರು
ಸಭೆ ಊಟಕ್ಕೆ ಏಳಬಹುದು ಎಂದರು.

ಹಾಳೆಯ ಮೇಲೆ ನೋಡಿದೆ.
ಪ್ರಜೆ: ಒಂದು ತೆಳು ಗೆರೆ, ಪಕ್ಕದಲ್ಲಿ ಚುಕ್ಕೆ.
ಹನ್ನೊಂದು ವರ್ಷದಿಂದ ಇದೇ ಗೆರೆ, ಇದೇ ಚುಕ್ಕೆ.
ಅರಮನೆಯ ಪ್ರಜೆಗೂ ಅದು, ಚೌಡಪ್ಪನ ಪ್ರಜೆಗೂ.
ಪೆನ್ಸಿಲಿನ ತುದಿ ತುಸು ಒತ್ತಬಹುದಿತ್ತು.
ಒತ್ತಿದರೆ ಅದು ಬೇರೆ ಮಾತಾಗುತ್ತದೆ,
ಅದು ಯಾವುದೆಂದು ನನಗೆ ಕಲಿಸಿಲ್ಲ.

ಬಳೇಪೇಟೆಯ ಪಡಿತರ ಅಂಗಡಿಯಲ್ಲಿ ಆ ಸಂಜೆ
ಹಳೆಯ ಮುದ್ರೆಯ ಮೇಲೆ ಹೊಸದನ್ನು ಓರೆಯಾಗಿ ಒತ್ತಿಕೊಟ್ಟರು;
ಗಂಡಭೇರುಂಡಕ್ಕೆ ಮೂರನೆಯ ತಲೆ ಮೂಡಿತು.
ಸೀಮೆಎಣ್ಣೆ ಮಾತ್ರ ಅಷ್ಟೇ, ಅರ್ಧ ಸೇರು.

ರಾತ್ರಿ ಮತ್ತೆ ಕಚೇರಿ. ವರದಿ ಬೆಳಗ್ಗೆಗೆ ಬೇಕು.
ಕೊಕ್ಕೆಗಳನ್ನು ಹುಡುಕಿ ಹುಡುಕಿ ಉಜ್ಜಿದೆ,
ಹದಿನೇಳು.
ಹಾಳೆಯನ್ನು ದೀಪಕ್ಕೆ ಹಿಡಿದರೆ
ಮಸಿ ಹೋಗಿತ್ತು, ತಗ್ಗು ಹೋಗಿರಲಿಲ್ಲ.
ಸುಸ್ತಾಗಿ ಆ ಸುಟ್ಟ ಗಾಯದ ಕುರ್ಚಿಯಲ್ಲಿ ಕೂತೆ,
ಮೊದಲು ತುದಿಯಲ್ಲಿ,
ಆಮೇಲೆ ಬೆನ್ನಾನಿಸಿ.
ಅಲ್ಲಾಡಲಿಲ್ಲ.
ಹುಚ್ಚೀರಯ್ಯ ದೀಪ ಸಣ್ಣ ಮಾಡುತ್ತ ಬಂದ:
ಏಳಿ ಸ್ವಾಮಿ,
ನಾಳೆ ಅದರಲ್ಲಿ ಯಾರೋ ಕೂರಬೇಕು.